ಬೇಲಿಯೇ ಹೊಲ ಮೇಯದಂತೆ

ಕಂಪ್ಯೂಟರಿನ ತಿರುಳಿಗೆ ಕಾವಲು ನಿಂತವರ ಕಾಯಕ

ಹೊಲಕ್ಕೆ ಬೇಲಿ ಕಟ್ಟಿಸಿದ ರೈತನು ಅಂದಿನ ರಾತ್ರಿ ನೆಮ್ಮದಿಯಿಂದ ನಿದ್ರಿಸುವನು. ಗೂಟ ಎಲ್ಲಿ ಸಡಿಲಿತು, ಗೆದ್ದಲು ಎಲ್ಲಿ ಹಿಡಿಯಿತು ಎಂಬ ವಿಚಾರ ಅವನಿಗೆ ಹೊಳೆಯುವುದು ದನ ಒಳಹೊಕ್ಕು ಪೈರನ್ನು ಮೇಯ್ದ ಮೇಲೆಯೇ. ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವುದು ಮನುಷ್ಯ ಸ್ವಭಾವ. ಇದಕ್ಕಿಂತಲೂ ಕಠಿಣವಾದ ಸಂಗತಿ ಇನ್ನೊಂದುಂಟು. ಅದು ಬೇಲಿಯೇ ಎದ್ದು ಹೊಲ ಮೇಯುವುದು. ಕಾಯಬೇಕಾದವರೇ ಕದ್ದರೆಂಬ ಅರ್ಥದಲ್ಲಿ ನಮ್ಮ ಹಿರಿಯರು ಆಡಿದ ಈ ಗಾದೆಯು ಇಂದು ಕಂಪ್ಯೂಟರುಗಳ ಅಂತರಾಳದಲ್ಲಿ ಅಕ್ಷರಶಃ ಅನ್ವಯಿಸುತ್ತಿದೆಯೆಂದರೆ ವಾಚಕರಿಗೆ ಆಶ್ಚರ್ಯವಾದೀತು.

ಮಾಟುಂಗದ ಉಪಾಹಾರಗೃಹದಲ್ಲಿ ಬೆಳಗಿನ ಇಡ್ಲಿ ತಿಂದು, ಗಲ್ಲೆಯ ಮುಂದೆ ಅಂಟಿಸಿರುವ ಚೌಕದ ಗುರುತಿಗೆ ಫೋನು ಹಿಡಿದು ದುಡ್ಡು ಸಲ್ಲಿಸುವ ಗಿರಾಕಿಗೆ ಆ ಸಂದೇಶವು ಎಷ್ಟು ಬಾಗಿಲುಗಳನ್ನು ದಾಟಿ ಹೋಯಿತೆಂಬುದು ತಿಳಿಯದು. ತಿಳಿಯಬೇಕಾದ ಅಗತ್ಯವೂ ಅವನಿಗಿಲ್ಲ. ಆದರೂ ಆ ಬಾಗಿಲುಗಳನ್ನು ಕಾಯುವವರು ಯಾರು, ಅವರ ಕೆಲಸ ಎಂಥದು, ಅದು ಕೆಟ್ಟರೆ ಏನಾಗುವುದು ಎಂಬುದನ್ನು ನಾವು ಒಮ್ಮೆಯಾದರೂ ವಿಚಾರಿಸಿಕೊಳ್ಳುವುದು ಯುಕ್ತ. ಗುಡಿಯನ್ನು ಕಟ್ಟಿಸಿದವನ ಹೆಸರು ಕಲ್ಲಿನ ಮೇಲಿರುತ್ತದೆ. ಪ್ರತಿ ಮಳೆಗಾಲಕ್ಕೂ ಮಾಡನ್ನು ಸರಿಪಡಿಸುತ್ತ ಬಂದವನ ಹೆಸರು ಎಲ್ಲಿಯೂ ಕಾಣಸಿಗದು.

ತಿರುಳು ಎಂದರೇನು?

ಕಂಪ್ಯೂಟರಾಗಲಿ, ಫೋನಾಗಲಿ, ಅದರೊಳಗೆ ನೂರಾರು ಕೆಲಸಗಳು ಏಕಕಾಲಕ್ಕೆ ನಡೆಯುತ್ತಿರುತ್ತವೆ. ಅವುಗಳಿಗೆಲ್ಲ ಸ್ಮೃತಿಯಲ್ಲಿ ಸ್ಥಳ ಹಂಚಿಕೊಡುವುದು, ಸರದಿಯನ್ನು ಗೊತ್ತುಮಾಡುವುದು, ಒಂದರ ಗುಟ್ಟು ಮತ್ತೊಂದಕ್ಕೆ ತಿಳಿಯದಂತೆ ನೋಡಿಕೊಳ್ಳುವುದು, ಹೊರಗಿನ ಜಾಲದೊಡನೆ ವ್ಯವಹರಿಸುವುದು, ಇವಿಷ್ಟನ್ನೂ ನಡೆಸುವ ಮೂಲ ವ್ಯವಸ್ಥೆಗೆ ಕರ್ನೆಲ್ ಎಂದು ಹೆಸರು. ತಿರುಳು ಎಂಬುದು ಅದಕ್ಕೊಪ್ಪುವ ನಮ್ಮ ಮಾತು. ಹೋಟೆಲಿನಲ್ಲಿ ಮಾಣಿಯೊಬ್ಬನು ತಪ್ಪು ಮಾಡಿದರೆ ಒಂದು ಮೇಜಿನ ಗಿರಾಕಿಗೆ ತೊಂದರೆಯಾದೀತು. ಉಗ್ರಾಣ, ಅಡಿಗೆಮನೆ, ಗಲ್ಲೆ ಮೂರರ ಕೀಲಿಕೈಗಳೂ ಯಾರ ಸೊಂಟದಲ್ಲಿರುವುವೋ ಅವನು ತಪ್ಪಿದರೆ ವ್ಯಾಪಾರವೇ ಮುಳುಗುವುದು. ತಿರುಳು ಎಂದರೆ ಆ ಮೂರು ಕೀಲಿಕೈಗಳಿರುವ ಆಸಾಮಿ.

ಇಂತಹ ತಿರುಳುಗಳಲ್ಲಿ ಅತ್ಯಂತ ವ್ಯಾಪಕವಾಗಿರುವುದು ಲಿನಕ್ಸ್. ೧೯೯೧ರ ಆಗಸ್ಟ್ ತಿಂಗಳಿನಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬವರು ತಾವೊಂದು ಚಿಕ್ಕ ವ್ಯವಸ್ಥೆಯನ್ನು ಬರೆಯುತ್ತಿರುವುದಾಗಿ ಪ್ರಕಟಿಸಿದರು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂಬ ಒಪ್ಪಂದದ ಮೇಲೆ ಬೆಳೆದ ಆ ಬರಹವು ಇಂದು ೩ ಕೋಟಿ ಸಾಲುಗಳನ್ನು ಮೀರಿದೆ. ಆಂಡ್ರಾಯ್ಡ್ ಫೋನುಗಳೊಳಗೆ ಇರುವುದು ಅದೇ. ಜಗತ್ತಿನ ಅತಿ ಬಲಿಷ್ಠವಾದ ೫೦೦ ಕಂಪ್ಯೂಟರುಗಳ ಪಟ್ಟಿಯಲ್ಲಿ ೨೦೧೭ರ ನವೆಂಬರಿನಿಂದೀಚೆಗೆ ಅದರ ಹೊರತು ಬೇರೊಂದಿಲ್ಲ. ಮನೆಯ ಮೂಲೆಯಲ್ಲಿ ಹಸಿರು ದೀಪ ಮಿನುಗಿಸುತ್ತ ಕುಳಿತಿರುವ ವೈಫೈ ಪೆಟ್ಟಿಗೆಗಳಲ್ಲಿಯೂ ಬಹಳಷ್ಟರಲ್ಲಿ ಅದೇ ಉಂಟು.

ಪೊಟ್ಟಣಗಳೂ ಐದು ಬಾಗಿಲುಗಳೂ

ಜಾಲದಲ್ಲಿ ಸಂಚರಿಸುವ ಸುದ್ದಿಯು ಇಡಿಯಾಗಿ ಹೋಗುವುದಿಲ್ಲ. ದೊಡ್ಡ ಪತ್ರವನ್ನು ಹರಿದು ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಕಟ್ಟಿ, ಪ್ರತಿಯೊಂದರ ಮೇಲೂ ಕಳುಹಿಸಿದವರ ಮತ್ತು ಸೇರಬೇಕಾದವರ ವಿಳಾಸ ಬರೆದು ಬಿಡಲಾಗುತ್ತದೆ. ಲಿನಕ್ಸ್ ತಿರುಳಿನಲ್ಲಿ ಈ ಪೊಟ್ಟಣಗಳನ್ನು ತಡೆದು ವಿಚಾರಿಸುವ ಭಾಗಕ್ಕೆ ನೆಟ್‌ಫಿಲ್ಟರ್ ಎಂದು ಹೆಸರು. ವಿಚಾರಣೆ ನಡೆಯುವ ಐದು ಸ್ಥಾನಗಳುಂಟು. ಪೊಟ್ಟಣ ಬಂದಿಳಿದ ಕ್ಷಣ ಒಂದು. ಅದು ಈ ಯಂತ್ರಕ್ಕೇ ಸೇರಿದುದೆಂದು ಗೊತ್ತಾದಾಗ ಇನ್ನೊಂದು. ಬೇರೆ ಯಂತ್ರಕ್ಕೆ ದಾಟಿಸಬೇಕಾದುದಾದರೆ ಮೂರನೆಯದು. ಇಲ್ಲಿಯೇ ಹುಟ್ಟಿದುದಾದರೆ ನಾಲ್ಕನೆಯದು. ಹೊರಬೀಳುವ ಹೊಸ್ತಿಲಿನಲ್ಲಿ ಐದನೆಯದು. ಪ್ರತಿಯೊಂದು ಬಾಗಿಲಿನಲ್ಲಿಯೂ ಯಜಮಾನನು ಬರೆದಿಟ್ಟ ನಿಯಮಗಳಿರುತ್ತವೆ. ಅವುಗಳ ಪ್ರಕಾರ ಪೊಟ್ಟಣವನ್ನು ಒಳಬಿಡುವುದು ಅಥವಾ ಬಿಸುಡುವುದು.

ಕಾವಲುಗಾರನಿಗೆ ನೆನಪೂ ಬೇಕು. ನಾವೇ ಕೇಳಿದ ಪ್ರಶ್ನೆಗೆ ಉತ್ತರವಾಗಿ ಬಂದ ಪೊಟ್ಟಣವನ್ನು ಬಿಡಬೇಕು, ಯಾರೂ ಕರೆಯದೆ ಬಂದುದನ್ನು ತಡೆಯಬೇಕು. ಅದಕ್ಕಾಗಿ ನಡೆದಿರುವ ಮಾತುಕತೆಗಳ ದಾಖಲೆಯೊಂದನ್ನು ತಿರುಳು ಇಟ್ಟುಕೊಳ್ಳುತ್ತದೆ. ಆದರೆ ಮಿತಿಮೀರಿದ ನೆನಪೂ ಅಪಾಯಕಾರಿ. ೧೯೯೬ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪ್ಯಾನಿಕ್ಸ್ ಎಂಬ ಜಾಲಸೇವೆಯ ಸಂಸ್ಥೆಯ ಮೇಲೆ ಯಾರೋ ಒಂದು ವಿಚಿತ್ರ ದಾಳಿ ನಡೆಸಿದರು. ಬರುತ್ತೇವೆಂದು ಹೇಳಿ ಸ್ಥಳ ಕಾದಿರಿಸಿ, ಬಾರದೆ ಹೋಗುವ ಗಿರಾಕಿಗಳಂತೆ ಸುಳ್ಳು ವಿಳಾಸಗಳಿಂದ ಸಂಪರ್ಕದ ಮೊದಲ ಕೋರಿಕೆಗಳನ್ನು ಮಾತ್ರ ಸುರಿಸಿದರು. ಪ್ರತಿಯೊಂದು ಕೋರಿಕೆಗೂ ಮೇಜು ಹಿಡಿದಿಟ್ಟು ಕಾಯ್ದ ಯಂತ್ರದಲ್ಲಿ ನಿಜವಾದ ಗಿರಾಕಿಗೆ ಜಾಗವೇ ಇಲ್ಲವಾಯಿತು. ಅದೇ ತಿಂಗಳಿನಲ್ಲಿ ಡೇನಿಯಲ್ ಬರ್ನ್‌ಸ್ಟೈನ್ ಎಂಬ ಗಣಿತಜ್ಞರು ಸೂಚಿಸಿದ ಉಪಾಯ ಬಹಳ ಸರಳವಾದುದು. ಮೇಜನ್ನು ಹಿಡಿದಿಡಬೇಡಿ, ಬಂದವನ ವಿಳಾಸದಿಂದಲೇ ಲೆಕ್ಕಹಾಕಿದ ಗುಟ್ಟಿನ ಸಂಖ್ಯೆಯೊಂದನ್ನು ಟೋಕನಿನಂತೆ ಕೊಟ್ಟು ಕಳುಹಿಸಿ, ಆ ಟೋಕನನ್ನು ಹಿಡಿದು ಮರಳಿ ಬಂದವನಿಗೆ ಮಾತ್ರ ಎಲೆ ಹಾಕಿ. ಸ್ವಲ್ಪ ಕಾಲದಲ್ಲಿಯೇ ಈ ಉಪಾಯ ಲಿನಕ್ಸ್ ತಿರುಳನ್ನು ಸೇರಿತು, ಇಂದಿಗೂ ಅಲ್ಲಿದೆ.

ಬೇಲಿಯನ್ನು ಕಟ್ಟಿದವರು

ಲಿನಕ್ಸಿನ ಈ ಬೇಲಿ ಒಂದೇ ಸಲಕ್ಕೆ ಎದ್ದುದಲ್ಲ. ೧೯೯೪ರ ಕೊನೆಯ ಭಾಗದಲ್ಲಿ ಬ್ರಿಟನ್ನಿನ ಆಲನ್ ಕಾಕ್ಸ್ ಎಂಬವರು ಬಿಎಸ್‌ಡಿ ಎಂಬ ಇನ್ನೊಂದು ವ್ಯವಸ್ಥೆಯಿಂದ ಮೊದಲ ಸೋಸುಕವನ್ನು ತಂದು ಇದರಲ್ಲಿ ಕೂಡಿಸಿದರು. ಯೋಸ್ ವೋಸ್ ಮೊದಲಾದವರು ಅದನ್ನು ಬೆಳೆಸಿದರು. ೧೯೯೮ರಲ್ಲಿ ಆಸ್ಟ್ರೇಲಿಯದ ರಸ್ಟಿ ರಸೆಲ್ ಅದನ್ನು ಬಹುಮಟ್ಟಿಗೆ ಹೊಸದಾಗಿ ಬರೆದರು. ಅದೂ ಸಾಲದೆಂದು ಮರುವರ್ಷವೇ ಅಡಿಪಾಯದಿಂದ ಮತ್ತೆ ಆರಂಭಿಸಿದರು. ೨೦೦೧ರ ಜನವರಿಯಲ್ಲಿ ಹೊರಬಂದ ೨.೪ನೆಯ ಆವೃತ್ತಿಯೊಡನೆ ಆ ಹೊಸ ಕಟ್ಟಡ ಲೋಕಕ್ಕೆ ದೊರೆಯಿತು. ಐಪಿಟೇಬಲ್ಸ್ ಎಂಬ ಹೆಸರಿನಲ್ಲಿ ಅದರ ನಿಯಮಗಳನ್ನು ಬರೆಯುವ ವಿದ್ಯೆ ಜಗತ್ತಿನ ಎಲ್ಲ ಕಂಪ್ಯೂಟರು ಮೇಲ್ವಿಚಾರಕರಿಗೂ ಬಾಯಿಪಾಠವಾಯಿತು. ಹಳೆಯ ವಿಳಾಸಪದ್ಧತಿಗೆ ಒಂದು, ಹೊಸದಕ್ಕೆ ಒಂದು ಎಂದು ಒಂದೇ ಕೆಲಸಕ್ಕೆ ನಾಲ್ಕು ಪ್ರತಿಗಳು ಬೆಳೆದು ನಿರ್ವಹಣೆ ಕಷ್ಟವಾದಾಗ, ೨೦೦೯ರಲ್ಲಿ ಪ್ಯಾಟ್ರಿಕ್ ಮೆಕ್‌ಹಾರ್ಡಿ ಎಂಬವರು ಎಲ್ಲವನ್ನೂ ಒಂದಾಗಿಸುವ ಎನ್‌ಎಫ್‌ಟೇಬಲ್ಸ್ ಎಂಬ ಯೋಜನೆಯನ್ನು ಮುಂದಿಟ್ಟರು. ೨೦೧೪ರ ಜನವರಿಯ ೩.೧೩ನೆಯ ಆವೃತ್ತಿಯಲ್ಲಿ ಅದು ಸೇರ್ಪಡೆಯಾಯಿತು.

ಹೊಸ ಬೇಲಿ ಬಂದಿತೆಂದು ಹಳೆಯದನ್ನು ಕಿತ್ತೆಸೆಯಬಹುದೆ? ಇಲ್ಲ. ಕೋಟ್ಯಂತರ ಯಂತ್ರಗಳಲ್ಲಿ ಹಳೆಯ ರೀತಿಯ ನಿಯಮಗಳು ಬರೆದಿಟ್ಟಿವೆ. ಬರೆದವರು ಕೆಲಸ ಬಿಟ್ಟು ಹೋಗಿದ್ದಾರೆ. ತಿರುಳಿನಲ್ಲಿ ಮಾಡಿದ ಬದಲಾವಣೆಯಿಂದ ಬಳಕೆದಾರನ ನಡೆಯುತ್ತಿರುವ ಕೆಲಸ ಕೆಡಕೂಡದೆಂಬುದು ಟೋರ್ವಾಲ್ಡ್ಸರು ಬಹು ನಿಷ್ಠುರವಾಗಿ ಪಾಲಿಸಿಕೊಂಡು ಬಂದಿರುವ ನಿಯಮ. ಆದುದರಿಂದ ೨೦೧೯ರ ಜುಲೈಯಲ್ಲಿ ಡೆಬಿಯನ್ ಎಂಬ ಪ್ರಸಿದ್ಧ ಲಿನಕ್ಸ್ ಸಂಚಯವು ಒಳಗೆ ಹೊಸ ಯಂತ್ರವನ್ನಿಟ್ಟು, ಹೊರಗೆ ಹಳೆಯ ಆಜ್ಞೆಗಳೇ ನಡೆಯುವಂತೆ ಏರ್ಪಾಡು ಮಾಡಿತು. ಮನೆಯವರಿಗೆ ಬೀಗ ಅದೇ, ಕೀಲಿಕೈ ಅದೇ. ಒಳಗಿನ ಚಿಲಕ ಮಾತ್ರ ಬೇರೆ. ಹೀಗಾಗಿ ಪಾಲಕರಿಗೆ ಹೊಸದರೊಡನೆ ಹಳೆಯದನ್ನೂ ಸಾಕುವ ಹೊಣೆ ತಪ್ಪಿದುದಲ್ಲ.

ಎರಡು ಸೊನ್ನೆಗಳ ಕಥೆ

ಹಳೆಯದನ್ನು ಸಾಕುವುದರ ಅಪಾಯ ಎಂಥದೆಂಬುದಕ್ಕೆ ೨೦೨೧ರ ಪ್ರಸಂಗವೊಂದು ಸಾಕು. ಕಂಪ್ಯೂಟರುಗಳು ೩೨ ಅಂಕಿಗಳ ಅಳತೆಯಿಂದ ೬೪ ಅಂಕಿಗಳ ಅಳತೆಗೆ ಬದಲಾಗುತ್ತಿದ್ದ ಕಾಲದಲ್ಲಿ, ಹಳೆಯ ಅಳತೆಯ ಕಾರ್ಯಕ್ರಮಗಳು ಕಳುಹಿಸುವ ನಿಯಮಗಳನ್ನು ಹೊಸ ಅಳತೆಗೆ ಪರಿವರ್ತಿಸಬೇಕಾಗುತ್ತಿತ್ತು. ಸೇರಿನ ಲೆಕ್ಕವನ್ನು ಕಿಲೋಗ್ರಾಮಿಗೆ ತಂದಂತೆಯೇ ಇದು. ಪರಿವರ್ತಿಸುವಾಗ ಉಳಿಯುವ ಖಾಲಿ ಜಾಗವನ್ನು ಸೊನ್ನೆಗಳಿಂದ ತುಂಬುವುದು ರೂಢಿ. ೨೦೦೬ರಲ್ಲಿ ತಿರುಳನ್ನು ಸೇರಿದ ಆ ಸಾಲುಗಳಲ್ಲಿ ಲೆಕ್ಕ ಒಂದಿಷ್ಟು ತಪ್ಪಿ, ಕೆಲವು ಸೊನ್ನೆಗಳು ತಮಗೆ ಗೊತ್ತಾದ ಕೋಣೆಯ ಗೋಡೆಯಾಚೆಗೆ ಬೀಳುತ್ತಿದ್ದುವು. ಹದಿನೈದು ವರ್ಷಗಳ ಕಾಲ ಆ ಸಾಲುಗಳನ್ನು ಎಷ್ಟೋ ಕಣ್ಣುಗಳು ಹಾದುಹೋದುವು. ಯಾರಿಗೂ ಅದು ಕಾಣಲಿಲ್ಲ.

ಗೂಗಲ್ ಸಂಸ್ಥೆಯ ಸುರಕ್ಷತಾ ಸಂಶೋಧಕ ಆಂಡಿ ಗುಯೆನ್ ಎಂಬವರು ಅದನ್ನು ಪತ್ತೆಮಾಡಿ, ಹಾಗೆ ಚೆಲ್ಲಿದ ಎರಡೇ ಎರಡು ಬೈಟುಗಳ ಸೊನ್ನೆಯಿಂದ ಇಡಿಯ ಯಂತ್ರದ ಒಡೆತನವನ್ನು ಕಸಿದುಕೊಳ್ಳಬಹುದೆಂದು ತೋರಿಸಿಕೊಟ್ಟರು. ಸೊನ್ನೆಯಿಂದ ಏನಾದೀತೆಂದು ಕೇಳುವವರುಂಟು. ಮನೆಯ ನಂಬರು ೧೨೩೪ ಎಂದಿರುವಲ್ಲಿ ಕೊನೆಯ ಎರಡು ಅಂಕಿಗಳನ್ನು ಅಳಿಸಿ ಸೊನ್ನೆ ಬರೆಯಿರಿ, ೧೨೦೦ ಆಯಿತು. ಟಪಾಲು ಬೇರೊಬ್ಬನ ಮನೆಗೆ ಹೋಗಿ ಬೀಳುವುದು. ಸ್ಮೃತಿಯೊಳಗಿನ ವಿಳಾಸವೊಂದನ್ನು ಹೀಗೆ ತಿರುಚಿ, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿ, ತಿರುಳಿನ ಸೊಂಟದ ಕೀಲಿಕೈಗಳನ್ನೇ ಬಿಚ್ಚಿಕೊಳ್ಳುವುದು ಸಾಧ್ಯವಾಯಿತು. ೨೦೨೧ರ ಏಪ್ರಿಲಿನಲ್ಲಿ ತಿದ್ದುಪಡಿಯಾದ ಮೇಲೆ ಜುಲೈಯಲ್ಲಿ ಅವರು ವಿವರಗಳನ್ನು ಪ್ರಕಟಿಸಿದರು. ಕಳ್ಳನು ನುಸುಳಿದ ಕಂಡಿಯಿದ್ದುದು ಕಾವಲು ಕಾಯುವ ಭಾಗದಲ್ಲಿಯೇ ಎಂಬುದು ಇಲ್ಲಿ ಗಮನಿಸಬೇಕಾದ ವಿಷಯ.

ಬಿಟ್ಟುಹೋದ ಕೋಣೆಯ ಕೀಲಿಕೈ

ಹಳೆಯದರಲ್ಲಿ ಮಾತ್ರ ದೋಷವೆಂದು ತಿಳಿಯಬಾರದು. ೨೦೧೪ರ ಆವೃತ್ತಿಗಳಿಂದ ಹೊಸ ಬೇಲಿಯಲ್ಲಿಯೂ ಒಂದು ದೋಷ ಮನೆಮಾಡಿಕೊಂಡಿತ್ತು. ಪೊಟ್ಟಣವನ್ನು ಬಿಸುಡಬೇಕೆಂದು ತೀರ್ಪು ಕೊಡುವಾಗ ಅದರೊಡನೆ ಕಾರಣಸೂಚಕವಾದ ಸಂಖ್ಯೆಯೊಂದನ್ನು ಸೇರಿಸಲು ಅವಕಾಶವಿತ್ತು. ಆ ಸಂಖ್ಯೆ ಎಂಥದಿರಬೇಕೆಂಬ ತಪಾಸಣೆ ಸರಿಯಾಗಿರಲಿಲ್ಲ. ಕುತ್ಸಿತ ಬುದ್ಧಿಯವನು ತಕ್ಕ ಸಂಖ್ಯೆಯನ್ನು ಆರಿಸಿ ಕೊಟ್ಟರೆ, ಬಿಸುಡು ಎಂಬ ತೀರ್ಪು ಮುಂದಿನ ಕೈಗೆ ಹೋಗುವಷ್ಟರಲ್ಲಿ ಒಳಬಿಡು ಎಂದು ಓದಿಸಿಕೊಳ್ಳುತ್ತಿತ್ತು. ತಿರುಳಿನ ಒಂದು ಭಾಗ ಪೊಟ್ಟಣವನ್ನು ಬಿಸುಟು ಅದರ ಜಾಗವನ್ನು ಖಾಲಿಯೆಂದು ಬರೆದುಕೊಂಡರೆ, ಇನ್ನೊಂದು ಭಾಗ ಅದೇ ಜಾಗದಲ್ಲಿ ಪೊಟ್ಟಣ ಇನ್ನೂ ಇದೆಯೆಂದು ನಂಬಿ ಮುಂದುವರಿಯುತ್ತಿತ್ತು.

ಊಟ ವಸತಿಯ ವ್ಯವಹಾರ ನಡೆಸಿದವರಿಗೆ ಇದು ತಟ್ಟನೆ ಅರ್ಥವಾಗುವುದು. ಕೋಣೆ ಖಾಲಿಯಾಯಿತೆಂದು ಪುಸ್ತಕದಲ್ಲಿ ಬರೆದು ಹೊಸಬರಿಗೆ ಕೊಟ್ಟಾಗಿದೆ. ಆದರೆ ಹಿಂದಿನವನ ಕಿಸೆಯಲ್ಲಿ ಒಂದು ಕೀಲಿಕೈ ಉಳಿದುಹೋಗಿದೆ. ನಡುರಾತ್ರಿ ಅವನು ಬಾಗಿಲು ತೆರೆದು ಬಂದರೆ ಹೊಸಬನ ಪೆಟ್ಟಿಗೆಯ ಗತಿಯೇನು? ತಿದ್ದುಪಡಿ ಬಹಳ ಚಿಕ್ಕದು. ಬಿಸುಡುವ ತೀರ್ಪಿನೊಡನೆ ಅಂಥ ಸಂಖ್ಯೆಯನ್ನು ಹೊರಗಿನವರಿಂದ ಸ್ವೀಕರಿಸುವುದೇ ಬೇಡ ಎಂದು ಮಾಡಿದ್ದು, ಅಷ್ಟೇ. ೨೦೨೪ರ ಜನವರಿಯಲ್ಲಿ ಅದು ನಡೆಯಿತು. ಮಾರ್ಚಿನಲ್ಲಿ ದೋಷವನ್ನು ದುರುಪಯೋಗಪಡಿಸುವ ಸಂಪೂರ್ಣ ವಿಧಾನ ಬಹಿರಂಗವಾಯಿತು. ಮೇ ೩೦ರಂದು ಅಮೆರಿಕ ಸರಕಾರದ ಸೈಬರ್ ಸುರಕ್ಷತಾ ಸಂಸ್ಥೆಯು ಈ ದೋಷವನ್ನು ಕಳ್ಳರು ಪ್ರತ್ಯಕ್ಷವಾಗಿ ಬಳಸುತ್ತಿರುವ ದೋಷಗಳ ಪಟ್ಟಿಗೆ ಸೇರಿಸಿತು. ಔಷಧ ಸಿದ್ಧವಾಗಿ ನಾಲ್ಕು ತಿಂಗಳಾಗಿದ್ದರೂ ರೋಗ ಹರಡಿತೆಂಬುದು ವಿಚಾರಾರ್ಹ.

ಇಂಥ ದೋಷಗಳು ಇತ್ತೀಚೆಗೆ ಇಷ್ಟು ಅಪಾಯಕಾರಿಯಾದುದಕ್ಕೆ ಒಂದು ಪ್ರಬಲ ಕಾರಣವುಂಟು. ಬೇಲಿಯ ನಿಯಮಗಳನ್ನು ಬದಲಾಯಿಸುವ ಅಧಿಕಾರ ಮೊದಲು ಯಂತ್ರದ ಯಜಮಾನನೊಬ್ಬನಿಗೇ ಇದ್ದಿತು. ಯಜಮಾನನು ತನ್ನ ಮನೆಗೆ ತಾನೇ ಕನ್ನ ಹಾಕುವುದಿಲ್ಲವೆಂಬ ಭರವಸೆಯ ಮೇಲೆ ಬಹಳಷ್ಟು ಸಾಲುಗಳು ಬರೆಯಲ್ಪಟ್ಟಿದ್ದುವು. ೨೦೧೩ರ ಫೆಬ್ರವರಿಯ ೩.೮ನೆಯ ಆವೃತ್ತಿಯಿಂದ ಸಾಮಾನ್ಯ ಬಳಕೆದಾರನೂ ತನ್ನದೇ ಆದ ಪುಟ್ಟ ಲೋಕವೊಂದನ್ನು ಕಟ್ಟಿಕೊಂಡು ಅದರೊಳಗೆ ಯಜಮಾನನಂತೆ ಇರಬಹುದೆಂಬ ಅನುಕೂಲ ದೊರೆಯಿತು. ಒಂದೇ ಯಂತ್ರದಲ್ಲಿ ಹಲವರ ಕೆಲಸಗಳನ್ನು ಬೇರೆ ಬೇರೆಯಾಗಿ ನಡೆಸಲು ಇದು ಬಹಳ ಉಪಯುಕ್ತ. ಆದರೆ ಮನೆಯೊಡೆಯನೊಬ್ಬನೇ ಬಳಸುವನೆಂದು ಕಟ್ಟಿದ ಹಿತ್ತಲ ಬಾಗಿಲನ್ನು ಛತ್ರದ ಸಮಸ್ತರಿಗೂ ತೆರೆದಿಟ್ಟಂತಾಯಿತು. ೨೦೨೪ರ ಏಪ್ರಿಲಿನಲ್ಲಿ ಹೊರಬಂದ ಉಬುಂಟು ಎಂಬ ಸಂಚಯದಲ್ಲಿ ಈ ಅನುಕೂಲಕ್ಕೆ ಕಡಿವಾಣ ಹಾಕಿರುವುದು ಈ ಕಾರಣದಿಂದಲೇ.

ಪಾಲಕರ ದಿನಚರಿ

ಲಿನಕ್ಸ್ ತಿರುಳಿನೊಡನೆ ಒಂದು ಕಡತವಿದೆ. ಯಾವ ಭಾಗಕ್ಕೆ ಯಾರು ಹೊಣೆ ಎಂಬುದನ್ನು ಅದರಲ್ಲಿ ಹೆಸರು ಹಿಡಿದು ಬರೆದಿದ್ದಾರೆ. ಇಂಗ್ಲಿಷಿನಲ್ಲಿ ಅವರನ್ನು ಮೇಂಟೇನರ್ ಎನ್ನುತ್ತಾರೆ; ನಾವು ಪಾಲಕರೆನ್ನೋಣ. ಸ್ಪೇನಿನ ಪಾಬ್ಲೊ ನೀರಾ ಅಯುಸೊ, ಫ್ಲೋರಿಯನ್ ವೆಸ್ಟ್‌ಫಾಲ್ ಮೊದಲಾಗಿ ನೆಟ್‌ಫಿಲ್ಟರಿನ ಪಾಲಕರನ್ನು ಬೆರಳುಗಳಲ್ಲಿ ಎಣಿಸಬಹುದು. ಅವರ ಮೇಲೆ ಇಡಿಯ ಜಾಲವಿಭಾಗದ ಪಾಲಕರು. ಬಹುಕಾಲ ಡೇವಿಡ್ ಮಿಲ್ಲರ್ ಹೊತ್ತಿದ್ದ ಆ ಭಾರದಲ್ಲಿ ಯಾಕುಬ್ ಕಿಚಿನ್ಸ್ಕಿ, ಪಾವ್ಲೊ ಅಬೇನಿ, ಎರಿಕ್ ಡುಮಾಜೆ ಮೊದಲಾದವರು ಪಾಲುಗೊಂಡಿದ್ದಾರೆ. ಎಲ್ಲರ ಮೇಲೆ ಟೋರ್ವಾಲ್ಡ್ಸ್. ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಆವೃತ್ತಿ ಹೊರಬೀಳುತ್ತದೆ. ಹೊರಬಿದ್ದ ಹಳೆಯ ಆವೃತ್ತಿಗಳಿಗೆ ತಿದ್ದುಪಡಿಗಳನ್ನು ತಲಪಿಸುವ ಕೆಲಸವನ್ನು ಗ್ರೆಗ್ ಕ್ರೋ-ಹಾರ್ಟ್‌ಮನ್ ಮತ್ತು ಸಾಶಾ ಲೆವಿನ್ ನೋಡಿಕೊಳ್ಳುತ್ತಾರೆ.

ತಿದ್ದುಪಡಿಗೆ ಈ ಜನ ಪ್ಯಾಚ್ ಎನ್ನುವರು, ಅಂದರೆ ತೇಪೆ. ತೇಪೆಗಳು ಲೋಕದ ಮೂಲೆ ಮೂಲೆಗಳಿಂದ ಇಮೇಲಿನಲ್ಲಿ, ಎಲ್ಲರೂ ಓದುವಂತೆ ಬರುತ್ತವೆ. ಪಾಲಕರು ಕೇಳುವ ಪ್ರಶ್ನೆಗಳು ಸರಳ, ಉತ್ತರ ಕಠಿಣ. ಯಾವುದು ಕೆಟ್ಟಿದೆ? ಯಾವ ಹಳೆಯ ಬದಲಾವಣೆಯಿಂದ ಕೆಟ್ಟಿತು? ಇದನ್ನು ಹಾಕಿದರೆ ಇನ್ನೇನು ಕೆಡುವುದು? ಪರೀಕ್ಷಿಸಿ ನೋಡಿದವರು ಯಾರು? ಕಳುಹಿಸಿದವನು ತನ್ನ ಹೆಸರಿನಲ್ಲಿ ಸಹಿ ಹಾಕಬೇಕೆಂಬ ಪದ್ಧತಿ ೨೦೦೪ರಿಂದ ನಡೆದುಬಂದಿದೆ. ದೋಷ ಹುಟ್ಟಿದ ಹಳೆಯ ಬದಲಾವಣೆಯ ಗುರುತನ್ನೂ ತೇಪೆಯ ಕೆಳಗೆ ಬರೆಯುವರು. ಇಪ್ಪತ್ತು ವರ್ಷಗಳ ಹಿಂದಿನ ಸಾಲು ಏಕೆ ಹೀಗಿದೆಯೆಂದು ಇಂದು ಯಾರಾದರೂ ಕೇಳಿದರೆ, ಈ ದಾಖಲೆಗಳನ್ನು ಹಿಡಿದು ಉತ್ತರ ಹುಡುಕಬಹುದು.

ಪಾಲಕನ ಕೆಲಸದಲ್ಲಿ ಅತಿ ಕಷ್ಟವಾದುದು ಬೇಡವೆನ್ನುವುದು. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದೆಂದು ನಾವು ಕಲಿತಿದ್ದೇವೆ. ಇಲ್ಲಿ ಎಣಿಸಲೇಬೇಕು. ಹೊಸ ಸೌಕರ್ಯವೊಂದನ್ನು ಬರೆದು ಕೊಟ್ಟವನು ಆರು ತಿಂಗಳಿಗೆ ಬೇರೆ ನೌಕರಿಗೆ ಹೋಗಬಹುದು. ಕೊಟ್ಟ ಹಸುವಿಗೆ ಹುಲ್ಲು ನೀರು ಹಾಕಬೇಕಾದವನು ಪಾಲಕ, ಅದೂ ಇಪ್ಪತ್ತು ವರ್ಷ. ಸಾಲುಗಳು ಹೆಚ್ಚಿದಷ್ಟೂ ಕಂಡಿಗಳು ಹೆಚ್ಚು. ಜೇಸನ್ ಡೊನೆನ್‌ಫೆಲ್ಡ್ ಎಂಬವರು ಎರಡು ಯಂತ್ರಗಳ ನಡುವೆ ಗುಟ್ಟಿನ ದಾರಿ ಕಟ್ಟುವ ವೈರ್‌ಗಾರ್ಡ್ ಎಂಬುದನ್ನು ಸುಮಾರು ೪,೦೦೦ ಸಾಲುಗಳಲ್ಲಿ ಬರೆದರು. ೨೦೨೦ರ ಮಾರ್ಚಿನಲ್ಲಿ ಅದು ತಿರುಳಿಗೆ ಸೇರಿದಾಗ ಬಲ್ಲವರು ಮೆಚ್ಚಿದ ಗುಣಗಳಲ್ಲಿ ಮುಖ್ಯವಾದುದು ಅದರ ಚಿಕ್ಕತನ. ಒಬ್ಬನೇ ಕುಳಿತು ಅದನ್ನು ಆದ್ಯಂತ ಓದಿ ಮುಗಿಸಬಹುದಾಗಿತ್ತು.

ನಂಬಿಕೆ ಮುರಿದಾಗ

ಇಷ್ಟೊಂದು ತೇಪೆಗಳನ್ನು ಬೆರಳೆಣಿಕೆಯ ಜನ ನೋಡಬೇಕಾದಲ್ಲಿ ಕಳುಹಿಸಿದವನ ಪ್ರಾಮಾಣಿಕತೆಯನ್ನು ಒಂದಿಷ್ಟು ನಂಬದೆ ನಿರ್ವಾಹವಿಲ್ಲ. ೨೦೨೧ರ ಏಪ್ರಿಲಿನಲ್ಲಿ ಆ ನಂಬಿಕೆಗೇ ಪೆಟ್ಟು ಬಿದ್ದಿತು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು, ಪಾಲಕರ ಕಣ್ಣಿಗೆ ಮಣ್ಣೆರಚಬಹುದೆ ಎಂದು ಪರೀಕ್ಷಿಸುವ ಸಲುವಾಗಿ ಬೇಕೆಂದೇ ದೋಷವಿರಿಸಿದ ತೇಪೆಗಳನ್ನು ಹಿಂದೆ ಕಳುಹಿಸಿದ್ದರು. ಅದೇ ಸ್ಥಳದಿಂದ ಮತ್ತೆ ಸಂಶಯಾಸ್ಪದವಾದ ತೇಪೆಗಳು ಬಂದಾಗ ಕ್ರೋ-ಹಾರ್ಟ್‌ಮನ್ನರು ಆ ವಿಶ್ವವಿದ್ಯಾಲಯದಿಂದ ಇನ್ನು ಮುಂದೆ ಏನನ್ನೂ ಸ್ವೀಕರಿಸುವುದಿಲ್ಲವೆಂದು ಸಾರಿದರು. ಹಿಂದೆ ಅಲ್ಲಿಂದ ಬಂದುದನ್ನೆಲ್ಲ ಸ್ವಯಂಸೇವಕರು ಕುಳಿತು ಮತ್ತೆ ಒಂದೊಂದಾಗಿ ಪರಿಶೀಲಿಸಬೇಕಾಯಿತು. ಅವುಗಳಲ್ಲಿ ಬಹುಪಾಲು ನಿರ್ದೋಷವಾಗಿದ್ದುವೆಂದು ತಿಳಿಯಿತು. ಸಂಶೋಧಕರು ಕ್ಷಮೆ ಯಾಚಿಸಿದರು. ಪರೀಕ್ಷೆಗೆ ಒಳಗಾದವರ ಅನುಮತಿಯಿಲ್ಲದೆ ಅವರ ವೇಳೆಯನ್ನು ಹಾಳುಮಾಡುವುದು ಸಂಶೋಧನೆಯೆ ಎಂಬ ಪ್ರಶ್ನೆ ಮಾತ್ರ ಉಳಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಮಾತು ನಂಬಿಕೆಯ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ನಿಜ.

ಯಂತ್ರದ ಕೆಲಸವನ್ನು ಯಂತ್ರವೇ ಮಾಡಬಾರದೆ ಎಂದು ಕೇಳಬಹುದು. ಬಹಳಷ್ಟು ಮಾಡುತ್ತಿದೆ. ಸ್ಮೃತಿಯ ಗೋಡೆ ದಾಟಿದ ಕೂಡಲೆ ಕೂಗಿಕೊಳ್ಳುವ ವ್ಯವಸ್ಥೆಯೊಂದು ೨೦೧೫ರಲ್ಲಿ ತಿರುಳಿನೊಳಗೇ ಸೇರಿತು. ೨೦೧೭ರಿಂದ ಗೂಗಲಿನ ಸಿಜ್‌ಬಾಟ್ ಎಂಬ ಯಂತ್ರ ಹಗಲಿರುಳೂ ತಿರುಳಿಗೆ ಅಡ್ಡಾದಿಡ್ಡಿ ಆಜ್ಞೆಗಳನ್ನು ಕೊಟ್ಟು, ಎಲ್ಲಿ ಕುಸಿಯುವು‍ದೆಂದು ನೋಡಿ ವರದಿ ಮಾಡುತ್ತಿದೆ. ೨೦೨೫ರಲ್ಲಿ ಕೃತಕ ಬುದ್ಧಿಯ ನೆರವಿನಿಂದ, ಜಾಲದ ಮೂಲಕ ಕಡತಗಳನ್ನು ಹಂಚುವ ಭಾಗದಲ್ಲಿ ಬಿಟ್ಟುಹೋದ ಕೀಲಿಕೈಯಂಥದೇ ದೋಷವೊಂದು ಬೆಳಕಿಗೆ ಬಂದಿತು. ಆದರೆ ರೋಗವನ್ನು ಹೇಳುವ ಯಂತ್ರಗಳು ಹೆಚ್ಚಿದಷ್ಟೂ ವೈದ್ಯನ ಬಾಗಿಲಿನಲ್ಲಿ ಸಾಲು ಉದ್ದವಾಗುವುದು. ವರದಿಯನ್ನು ಓದಿ, ನಿಜವೋ ಸುಳ್ಳೋ ನಿಶ್ಚಯಿಸಿ, ಬೇರೇನೂ ಕೆಡದಂತೆ ತೇಪೆ ಹಚ್ಚಿ, ಅದರ ಹೊಣೆ ಹೊರಬೇಕಾದವನು ಕೊನೆಗೂ ಹೆಸರುಳ್ಳ ಒಬ್ಬ ಮನುಷ್ಯನೇ.

ತೇಪೆ ಮನೆಗೆ ಬರುವ ದಾರಿ

ತೇಪೆ ಹೊರಟ ದಿನವೇ ನಮಗೆ ತಲಪುವುದಿಲ್ಲ. ಮೂಲ ತಿರುಳಿನಿಂದ ಹಳೆಯ ಆವೃತ್ತಿಗಳಿಗೆ, ಅಲ್ಲಿಂದ ಆಂಡ್ರಾಯ್ಡಿನವರಿಗೆ, ಅವರಿಂದ ಫೋನಿನ ಚಿಪ್ಪು ತಯಾರಿಸುವವರಿಗೆ, ಅವರಿಂದ ಫೋನು ಮಾರುವ ಕಂಪನಿಗೆ, ಕಟ್ಟಕಡೆಗೆ ನಮ್ಮ ಕೈಗೆ. ಈ ದಾರಿಯಲ್ಲಿ ಯಾವ ನಿಲ್ದಾಣದಲ್ಲಿ ಬೇಕಾದರೂ ಬಂಡಿ ನಿಂತುಹೋಗಬಹುದು. ಎಷ್ಟೋ ಅಗ್ಗದ ಫೋನುಗಳಿಗೆ ಒಂದೆರಡು ವರ್ಷಗಳ ಬಳಿಕ ತೇಪೆಗಳೇ ಬರುವುದಿಲ್ಲ. ವೈಫೈ ಪೆಟ್ಟಿಗೆಯಂತೂ ಹಾಕಿಸಿದ ದಿನದಿಂದ ಯಾರ ಕಣ್ಣಿಗೂ ಬೀಳದೆ ಧೂಳು ತಿನ್ನುತ್ತಿರುತ್ತದೆ.

ಆದುದರಿಂದ ನಮ್ಮ ಕಡೆಯಿಂದ ಆಗಬೇಕಾದ ಕೆಲಸ ಅಲ್ಪವಾದರೂ ಅನಿವಾರ್ಯ. ಫೋನು ಹೊಸ ಆವೃತ್ತಿ ಬಂದಿದೆಯೆಂದು ತಿಳಿಸಿದಾಗ, ನಾಳೆ ನೋಡೋಣವೆಂದು ಮುಂದೂಡದೆ ಅಂದೇ ರಾತ್ರಿ ಹಾಕಿಕೊಳ್ಳಬೇಕು. ಹೊಸ ಫೋನನ್ನು ಕೊಳ್ಳುವಾಗ ಚಿತ್ರ ತೆಗೆಯುವ ಸಾಮರ್ಥ್ಯವನ್ನು ವಿಚಾರಿಸುವಂತೆಯೇ, ಸುರಕ್ಷತೆಯ ತೇಪೆ ಎಷ್ಟು ವರ್ಷ ಬರುವುದೆಂದೂ ವಿಚಾರಿಸಬೇಕು. ಅಂಗಡಿ, ಹೋಟೆಲು, ಕಚೇರಿಗಳನ್ನು ನಡೆಸುವ ನಮ್ಮ ಬಾಂಧವರು ಗಿರಾಕಿಗಳಿಗೆ ಕೊಡುವ ವೈಫೈಯನ್ನೂ ಲೆಕ್ಕಪತ್ರದ ಯಂತ್ರವಿರುವ ಜಾಲವನ್ನೂ ಬೇರೆ ಬೇರೆಯಾಗಿ ಇರಿಸಬೇಕು. ಪೆಟ್ಟಿಗೆ ಹಾಕಿದವನನ್ನು ವರ್ಷಕ್ಕೊಮ್ಮೆಯಾದರೂ ಕರೆಸಿ ಅದರ ತೇಪೆ ವಿಚಾರಿಸಬೇಕು. ಅಡಿಗೆಮನೆಯ ಗ್ಯಾಸಿನ ಕೊಳವೆಯನ್ನು ಕಾಲಕಾಲಕ್ಕೆ ಬದಲಾಯಿಸುವವರಿಗೆ ಇದು ಹೆಚ್ಚಿನ ಮಾತೇನಲ್ಲ.

ಇನ್ನು ಪುಣೆಯ ಹಿಂಜವಡಿಯಲ್ಲಿ, ಹೈದರಾಬಾದಿನಲ್ಲಿ, ಚೆನ್ನೈಯಲ್ಲಿ, ಮುಂಬಯಿಯಲ್ಲಿ ಕಂಪ್ಯೂಟರು ವಿದ್ಯೆಯನ್ನೇ ಜೀವನೋಪಾಯವಾಗಿ ಮಾಡಿಕೊಂಡಿರುವ ನಮ್ಮ ತರುಣ ತರುಣಿಯರಲ್ಲಿ ಒಂದು ಮಾತು. ಹೊಸದನ್ನು ಕಟ್ಟುವವರಿಗೆ ಬಡ್ತಿ, ಬಹುಮಾನಗಳುಂಟು. ಕಟ್ಟಿದುದನ್ನು ಕಾಪಾಡುವ ಕೆಲಸದಲ್ಲಿ ಅಷ್ಟು ಥಳುಕಿಲ್ಲ. ಆದರೂ ಲಿನಕ್ಸಿನ ತಿರುಳು ತೆರೆದ ಪುಸ್ತಕ. ಅದಕ್ಕೆ ತೇಪೆ ಕಳುಹಿಸಲು ಯಾರ ಶಿಫಾರಸೂ ಬೇಕಿಲ್ಲ, ಯಾವ ಊರಿನವರೆಂದು ಯಾರೂ ಕೇಳುವುದಿಲ್ಲ. ಮೊದಲಿಗೆ ಇತರರ ತೇಪೆಗಳನ್ನು ಓದಿ ಪರೀಕ್ಷಿಸಿ, ಸರಿಯಿದೆ ಅಥವಾ ಸರಿಯಿಲ್ಲ ಎಂದು ಕಾರಣಸಹಿತ ಬರೆಯುವುದೇ ಅಲ್ಲಿ ಬಹುದೊಡ್ಡ ನೆರವು. ಬರೆಯುವವರಿಗಿಂತ ಓದಿ ಪರೀಕ್ಷಿಸುವವರ ಅಭಾವವೇ ಅಲ್ಲಿ ಹೆಚ್ಚು. ಇದೇ ತಿರುಳನ್ನು ಬಳಸಿ ಕೋಟಿಗಟ್ಟಲೆ ಲಾಭ ಗಳಿಸುವ ಕಂಪನಿಗಳ ಧಣಿಗಳೂ ತಮ್ಮ ನೌಕರರಿಗೆ ವಾರದಲ್ಲಿ ಕೆಲವು ಗಂಟೆಗಳನ್ನು ಇದಕ್ಕಾಗಿ ಬಿಟ್ಟುಕೊಟ್ಟರೆ ಅದು ದಾನವಾಗದು, ತಮ್ಮದೇ ಮಾಡಿನ ಸೋರುವಿಕೆಗೆ ಹೊದಿಕೆಯಾದೀತು.

ಎರಡು ಸೊನ್ನೆಗಳು ಹದಿನೈದು ವರ್ಷ ಅಡಗಿದ್ದುದಕ್ಕೆ ಯಾರೊಬ್ಬರ ದುಷ್ಟತನವೂ ಕಾರಣವಲ್ಲ. ನೋಡುವ ಕಣ್ಣುಗಳು ಸಾಲದೆ ಹೋದುವು. ಜಗತ್ತಿನ ವ್ಯಾಪಾರ, ವ್ಯವಹಾರ, ಆಸ್ಪತ್ರೆ, ಬ್ಯಾಂಕುಗಳೆಲ್ಲ ಒರಗಿಕೊಂಡಿರುವ ಬೇಲಿಯನ್ನು ಬೆರಳೆಣಿಕೆಯ ಜನ ಕಾಯುತ್ತಿದ್ದಾರೆ. ಅವರ ಸಂಖ್ಯೆ ಇಮ್ಮಡಿಯಾಗಲಿ, ಆ ಸಂಖ್ಯೆಯಲ್ಲಿ ನಮ್ಮ ಮಕ್ಕಳ ಹೆಸರುಗಳೂ ಸೇರಲಿ ಎಂದು ಹಾರೈಸೋಣ.